ಛಲ ಎಂದು ಹೊಗಳುವುದನ್ನು ನಿಲ್ಲಿಸಿ

ಫಿಲಿಪೀನ್ಸ್‌ನ ಮಾಲೊಲೊಸ್ ಪಟ್ಟಣದಲ್ಲಿ ಬರಸೋಯಿನ್ ಎಂಬ ಹಳೆಯ ಚರ್ಚಿದೆ. ಆ ದೇಶದ ಮೊದಲ ಗಣರಾಜ್ಯಕ್ಕೆ ಸಂವಿಧಾನ ರೂಪಿಸಲು 1898ರಲ್ಲಿ ಪ್ರತಿನಿಧಿಗಳು ಸೇರಿದ್ದು ಅಲ್ಲೇ. 2025ರ ಜುಲೈ 22ರಂದು ಆ ಚರ್ಚಿನೊಳಗೆ ನೆರೆ ನೀರು ನಿಂತಿತ್ತು. ನಿಗದಿಯಾಗಿದ್ದ ಮದುವೆ ಮಾತ್ರ ನಿಲ್ಲಲಿಲ್ಲ. ವಧು ಬಿಳಿ ಉಡುಗೆಯ ಅಂಚನ್ನು ಕೊಳಕು ನೀರಿನ ಮೇಲೆ ತೇಲಿಸಿಕೊಂಡು ಪಾದ್ರಿಯ ಕಡೆಗೆ ನಡೆದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಎಂಥ ಪ್ರೀತಿ, ಎಂಥ ಛಲ ಎಂದು ಬರೆದು, ಒಂದು ಕೆಂಪು ಹೃದಯ ಒತ್ತಿ, ಮುಂದಿನವರಿಗೆ ದಾಟಿಸಿದವರಿಗೆ ಲೆಕ್ಕವಿಲ್ಲ.

ಅದಕ್ಕೆ ಏಳು ವರ್ಷ ಹಿಂದೆ, 2018ರ ಆಗಸ್ಟ್‌ನಲ್ಲಿ, ಅದೇ ಬುಲಕಾನ್ ಪ್ರಾಂತ್ಯದ ಹಗೊನೊಯ್ ಊರಿನ ಚರ್ಚಿನಲ್ಲಿ ಇಂಥದೇ ಮದುವೆ ನಡೆದಿತ್ತು. ನೀರು ಅಷ್ಟೇ, ಉಡುಗೆ ಅಷ್ಟೇ ಬಿಳಿ, ಹೊಗಳಿಕೆಯೂ ಇದೇ. ಆ ಎರಡು ಜೋಡಿಗಳ ಬಗ್ಗೆ ನನ್ನ ತಕರಾರಿಲ್ಲ. ಗೊತ್ತು ಮಾಡಿದ ದಿನ ಮದುವೆಯಾಗುವುದು ಅವರ ಹಕ್ಕು, ಖರ್ಚೂ ಅವರದೇ. ನನ್ನ ಸಿಟ್ಟು ಚಿತ್ರ ನೋಡಿ ಕಣ್ಣು ತೇವ ಮಾಡಿಕೊಂಡವರ ಮೇಲೆ. ಏಳು ವರ್ಷದ ಅಂತರದಲ್ಲಿ ಒಂದೇ ಪ್ರಾಂತ್ಯದ ಎರಡು ಚರ್ಚುಗಳೊಳಗೆ ನೀರು ಹೇಗೆ ಬಂತು, ನಡುವೆ ಯಾರು ಏನು ಮಾಡುತ್ತಿದ್ದರು ಎಂದು ಅವರಲ್ಲಿ ಎಷ್ಟು ಮಂದಿ ಕೇಳಿದರು?

ಫಿಲಿಪೀನ್ಸ್ 7,641 ದ್ವೀಪಗಳ ದೇಶ. ಅದರ ಹವಾಮಾನ ಇಲಾಖೆ ಪಗಾಸಾದ ಎಲ್ಲೆಯೊಳಗೆ ವರ್ಷಕ್ಕೆ ಸರಾಸರಿ 20 ಚಂಡಮಾರುತಗಳು ಬರುತ್ತವೆ, ಎಂಟೊಂಬತ್ತು ನೆಲ ಮುಟ್ಟುತ್ತವೆ. ಮಾರ್ಚ್‌ನಿಂದ ಮೇವರೆಗೆ ಸುಡುವ ಸೆಕೆ. ಜೂನ್ ಬಂದರೆ ನೈಋತ್ಯ ಮಾರುತ. ಅಲ್ಲಿಯವರು ಹಬಗಾತ್ ಎನ್ನುತ್ತಾರೆ. ಡಿಸೆಂಬರ್‌ವರೆಗೂ ಬಿರುಗಾಳಿಗಳಿಗೆ ಬಿಡುವಿಲ್ಲ. ಪಂಚಾಂಗದಲ್ಲಿ ಬರೆದ ಹಬ್ಬದಷ್ಟು ಖಚಿತವಾಗಿ ಬರುವ ಇವನ್ನು ಪ್ರತಿ ಸಲವೂ ‘ಅನಿರೀಕ್ಷಿತ’ ಎಂದು ಹೇಳಿಕೆ ಕೊಡುವ ಅಧಿಕಾರಿಗೆ ಸಂಬಳ ಕೊಡುವುದು ಯಾತಕ್ಕೆ? ಬೆಂಕಿಯಂಥ ಬಿಸಿಲು ಒಂದು ಸುದ್ದಿ, ನೆರೆ ಇನ್ನೊಂದು ಸುದ್ದಿ ಎಂದು ಬೇರೆ ಮಾಡಿ ನೋಡುವುದೂ ಇದೇ ಸೋಮಾರಿತನ. ತಗಡಿನ ಮನೆಯಲ್ಲಿ ಏಪ್ರಿಲ್‌ನಲ್ಲಿ ಬೇಯುವವರೇ ಜುಲೈನಲ್ಲಿ ಆ ತಗಡಿನ ಮೇಲೆ ಹತ್ತಿ ಕೂರುತ್ತಾರೆ.

ಸೆಕೆಯಿಂದಲೇ ಶುರು ಮಾಡೋಣ, ಯಾಕೆಂದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2024ರ ಏಪ್ರಿಲ್ 27ರಂದು ಮನಿಲಾ ವಿಮಾನ ನಿಲ್ದಾಣದ ಮಾಪಕದಲ್ಲಿ 38.8 ಡಿಗ್ರಿ ದಾಖಲಾಯಿತು. ರಾಯಚೂರಿನವರು, ಕಲಬುರಗಿಯವರು ಇದನ್ನು ಓದಿ ನಕ್ಕಾರು: ಮೂವತ್ತೆಂಟಕ್ಕೆ ಇಷ್ಟು ರಂಪವೇ? ಮಂಗಳೂರಿನವರು ನಗಲಾರರು. ಸುತ್ತ ಕಡಲಿರುವ ನೆಲದಲ್ಲಿ ಗಾಳಿ ತೇವದಿಂದ ತುಂಬಿರುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ತಾಪಕ್ಕೆ ಈ ತೇವವನ್ನೂ ಸೇರಿಸಿ, ಮೈಗೆ ಎಷ್ಟು ಬಿಸಿ ತಾಗುತ್ತದೆ ಎಂದು ಹೇಳುವುದೇ ಶಾಖ ಸೂಚ್ಯಂಕ. ಮರುದಿನ ಜಂಬಾಲೆಸ್ ಪ್ರಾಂತ್ಯದ ಇಬಾ ಎಂಬಲ್ಲಿ ಅದು 53 ಮುಟ್ಟಿತು. ಪಗಾಸಾದ ಪ್ರಕಾರ 42ರಿಂದ ಅಪಾಯ, 52ರಿಂದ ತೀವ್ರ ಅಪಾಯ. ಇಷ್ಟಾಗಿ, ಈ ಲೆಕ್ಕವೆಲ್ಲ ನೆರಳಿನಲ್ಲಿ ಇರುವವನದು. ನೆತ್ತಿಯ ಮೇಲೆ ಬಿಸಿಲು ಬಿದ್ದರೆ ಇನ್ನೂ ಏಳೆಂಟು ಡಿಗ್ರಿ ಕೂಡಬೇಕು. ಗಾರೆ ಕಲಸುವವನ, ಸೈಕಲ್ ರಿಕ್ಷಾ ತುಳಿಯುವವನ, ಮೀನು ಒಣಗಿಸುವವಳ ಸೂಚ್ಯಂಕ ಯಾವ ಪ್ರಕಟಣೆಯಲ್ಲೂ ಬರುವುದಿಲ್ಲ.

ಸರಕಾರ ಏನು ಮಾಡಿತು? ಏಪ್ರಿಲ್ 29 ಮತ್ತು 30ರಂದು ದೇಶದ ಎಲ್ಲ ಸರಕಾರಿ ಶಾಲೆಗಳಲ್ಲಿ, ಅಂದರೆ 47 ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ, ತರಗತಿ ನಿಲ್ಲಿಸಿತು. ಮಕ್ಕಳು ಮನೆಯಿಂದಲೇ ಓದಲಿ ಎಂದಿತು. ಯಾವ ಮನೆ? ಫ್ಯಾನ್ ಒಂದಿದ್ದು, ಕರೆಂಟು ಹೋಗುವ, ತಗಡು ಹೊದಿಸಿದ ಒಂದು ಕೋಣೆಯ ಮನೆ. ಶಾಲೆಗಿಂತ ಅದು ತಂಪಾಗಿದೆಯೇ ಎಂದು ಆದೇಶಕ್ಕೆ ಸಹಿ ಹಾಕಿದವರು ಒಮ್ಮೆ ಹೋಗಿ ಕೂತು ನೋಡಬೇಕಿತ್ತು. ತರಗತಿಯೊಳಗೆ ಐವತ್ತು ಮಕ್ಕಳನ್ನು ತುಂಬಿ ಎರಡು ಪಾಳಿಯಲ್ಲಿ ಪಾಠ ಮಾಡುವ ದೇಶಕ್ಕೆ ರಜೆಯೊಂದೇ ಮದ್ದಾಗಿ ಕಂಡಿತು.

ಇನ್ನೊಂದು ಉಪಾಯವೂ ಹೊಳೆಯಿತು: ಶಾಲಾ ವರ್ಷವನ್ನೇ ಸರಿಸುವುದು. ಮೊದಲು ಅಲ್ಲಿ ಜೂನ್‌ನಿಂದ ಮಾರ್ಚ್‌ವರೆಗೆ ಶಾಲೆ, ಸೆಕೆಗಾಲಕ್ಕೆ ರಜೆ ಇತ್ತು. ಕೊರೊನಾ ಬಂದಾಗ ಅದು ಕದಲಿ, ಏಪ್ರಿಲ್ ಮೇ ತಿಂಗಳಲ್ಲೇ ಮಕ್ಕಳು ಬೆಂಚಿನ ಮೇಲೆ ಕೂರುವಂತಾಯಿತು. ಇದು ಮಕ್ಕಳನ್ನು ಬೇಯಿಸುತ್ತದೆ ಎಂದು ತಿಳಿಯಲು ಉಪಗ್ರಹ ಬೇಕಿರಲಿಲ್ಲ. ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಸರಿ, ಮತ್ತೆ ಹಿಂದಕ್ಕೆ ಎಳೆದರು. 2024ರ ಜುಲೈ 29ಕ್ಕೆ ಶಾಲೆ ಆರಂಭ ಎಂದು ಗೊತ್ತಾಯಿತು. ಜುಲೈ 24ರಂದು ಕರೀನಾ ಚಂಡಮಾರುತ ಹಬಗಾತ್ ಮಳೆಯನ್ನು ಕೆರಳಿಸಿ ರಾಜಧಾನಿಯನ್ನು ಮುಳುಗಿಸಿತು. ನೂರಾರು ಶಾಲೆಗಳು ಹೇಳಿದ ದಿನ ಬಾಗಿಲು ತೆರೆಯಲಿಲ್ಲ. ಕೆಲವು ನೀರಲ್ಲಿದ್ದವು, ಕೆಲವು ಕೆಸರಲ್ಲಿದ್ದವು, ಕೆಲವುಗಳಲ್ಲಿ ಸಂತ್ರಸ್ತರಿದ್ದರು.

ಈ ಕಡೆಯ ಸಂಗತಿಯ ಮೇಲೆ ಸ್ವಲ್ಪ ನಿಲ್ಲಬೇಕು. ಆ ದ್ವೀಪಗಳಲ್ಲಿ ನೆರೆ ಬಂದಾಗ ಜನ ಓಡುವುದು ಶಾಲೆಗೆ. ನಮ್ಮಲ್ಲಿ ಕಾಳಜಿ ಕೇಂದ್ರ ತೆರೆಯುವುದೂ ಶಾಲೆಯಲ್ಲೇ. ಒಂದೇ ಕಟ್ಟಡ ಏಪ್ರಿಲ್‌ನಲ್ಲಿ ಕುಲುಮೆ, ಜುಲೈನಲ್ಲಿ ಛತ್ರ. ಅದರ ತಳಪಾಯ ಎತ್ತರಿಸಿ, ಮಾಡು ಎತ್ತರಿಸಿ, ತಗಡಿನ ಕೆಳಗೆ ಒಂದು ಒಳಚಾವಣಿ ಹೊಡೆದು, ಎದುರುಬದುರು ಕಿಟಕಿ ಇಟ್ಟು, ಅಂಗಳದಲ್ಲಿ ನಾಲ್ಕು ಮರ ಉಳಿಸಿದ್ದರೆ ಎರಡು ಕಾಲಕ್ಕೂ ಆಗುತ್ತಿತ್ತು. ಇದಕ್ಕೆ ವಿದೇಶಿ ಸಲಹೆಗಾರ ಬೇಡ. ಆದರೆ ಒಳಚಾವಣಿಗೆ ಯಾರೂ ರಿಬ್ಬನ್ ಕತ್ತರಿಸಲು ಬರುವುದಿಲ್ಲ. ಮರ ಉಳಿಸಿದ್ದಕ್ಕೆ ಶಿಲಾಫಲಕ ನೆಡುವ ಪದ್ಧತಿಯೂ ಇಲ್ಲ. ಹಾಗಾಗಿ ರಜೆ.

ದುಡಿಯುವವರ ವಿಷಯದಲ್ಲೂ ಅಷ್ಟೆ. ಕಾರ್ಮಿಕ ಇಲಾಖೆ 2023ರಲ್ಲಿ ಸೆಕೆಯ ಬಗ್ಗೆ ಒಂದು ಸೂಚನೆ ಹೊರಡಿಸಿತು. ನೀರು ಕೊಡಿ, ಬಿಡುವು ಕೊಡಿ, ಕೆಲಸದ ಹೊತ್ತು ಬದಲಿಸಿ ಎಂದು ಅದು ಮಾಲೀಕರಿಗೆ ಸಲಹೆ ಕೊಡುತ್ತದೆ. ದಿನಗೂಲಿಯವನು ನೆರಳಿಗೆ ಹೋಗಿ ಕೂತರೆ ಕೂಲಿ ಯಾರು ಕೊಡುತ್ತಾರೆ? ಸಂಜೆ ಅವನು ಕುಸಿದು ಸತ್ತರೆ ಮರಣಪತ್ರದಲ್ಲಿ ಹೃದಯಾಘಾತ ಎಂದು ಬರೆಯುತ್ತಾರೆ, ಪಾರ್ಶ್ವವಾಯು ಎಂದು ಬರೆಯುತ್ತಾರೆ. ಚಂಡಮಾರುತದ ಹೆಣಗಳಿಗೆ ಹೆಸರಿದೆ, ಪಟ್ಟಿಯಿದೆ, ಪರಿಹಾರವಿದೆ. ಸೆಕೆಯ ಹೆಣಕ್ಕೆ ಇದಾವುದೂ ಇಲ್ಲ. ಟೀವಿಯವರಿಗೂ ಅದು ಬೇಡ, ತೋರಿಸಲು ದೃಶ್ಯವಿಲ್ಲವಲ್ಲ! ಅದೇ 2024ರ ಬರದಲ್ಲಿ ಪಂಟಬಂಗಾನ್ ಜಲಾಶಯ ಬತ್ತಿ, ಐವತ್ತು ವರ್ಷ ಹಿಂದೆ ಮುಳುಗಿಸಿದ್ದ ಹಳೆಯ ಊರಿನ ಅವಶೇಷ ಮೇಲೆದ್ದಿತು. ಜನ ದೋಣಿ ಮಾಡಿಕೊಂಡು ನೋಡಲು ಹೋದರು. ಗದ್ದೆಗೆ ನೀರಿಲ್ಲದ ವರ್ಷ ಅದು ಪ್ರವಾಸಿ ತಾಣವಾಯಿತು.

ಇನ್ನು ನೆರೆ. ಮನಿಲಾದ ಪೂರ್ವಕ್ಕಿರುವ ಸಿಯೆರಾ ಮಾದ್ರೆ ಬೆಟ್ಟಗಳಿಂದ ಮರಿಕಿನಾ ನದಿ ಇಳಿದು ಬರುತ್ತದೆ. ಅದರ ನೀರಿನ ಮಟ್ಟ 15 ಮೀಟರಿಗೆ ಬಂದರೆ ಮೊದಲ ಎಚ್ಚರಿಕೆ, 16ಕ್ಕೆ ಎರಡನೆಯದು, 18ಕ್ಕೆ ಮೂರನೆಯದು. ಮೂರನೆಯದಾದರೆ ಮನೆ ಬಿಟ್ಟು ಹೊರಡಲೇಬೇಕು. 2009ರ ಸೆಪ್ಟೆಂಬರ್ 26ರಂದು ಒಂಡೊಯ್ ಚಂಡಮಾರುತದಲ್ಲಿ ಕ್ವೆಜಾನ್ ಸಿಟಿಯ ಮಾಪನ ಕೇಂದ್ರದಲ್ಲಿ 24 ಗಂಟೆಗೆ 455 ಮಿ.ಮೀ. ಮಳೆ ಬಿತ್ತು, ನದಿ 21.5 ಮೀಟರಿಗೆ ಏರಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. 2020ರ ನವೆಂಬರ್‌ನಲ್ಲಿ ಯುಲಿಸಿಸ್ ಬಂದಾಗ 22 ಮೀಟರ್. 2024ರ ಜುಲೈನಲ್ಲಿ ಕರೀನಾ ಬಂದಾಗ 20.7. ಸೈರನ್ ಈಗ ಚೆನ್ನಾಗಿ ಕೂಗುತ್ತದೆ, ಜನ ಬೇಗ ಏಳುತ್ತಾರೆ. ಅದನ್ನು ಒಪ್ಪುತ್ತೇನೆ. ಆದರೆ ಹದಿನೈದು ವರ್ಷ ಸೈರನ್ ಕೂಗಿಸಿದವರು ನೀರಿಗೆ ದಾರಿ ಮಾಡಿದರೇ?

ಅರ್ಧ ದಾರಿ ಮಾಡಿದ್ದರು, ಅದೂ ಬಹಳ ಹಿಂದೆ. ಮರಿಕಿನಾದ ನೆರೆ ರಾಜಧಾನಿಯ ಎದೆಗೆ ನುಗ್ಗದೆ ಪಕ್ಕದ ಲಗೂನಾ ಸರೋವರಕ್ಕೆ ತಿರುಗಲಿ ಎಂದು 1986ರಲ್ಲಿ ಮಂಗಹಾನ್ ಕಾಲುವೆ ತೋಡಿದರು. ಸರೋವರ ತುಂಬಿದಾಗ ಆ ನೀರನ್ನು ನೇರ ಮನಿಲಾ ಕೊಲ್ಲಿಗೆ ಬಿಡಲು ಪರಾನ್ಯಾಕೆಯಲ್ಲಿ ಎರಡನೆಯ ಕಾಲುವೆ ಆಗಬೇಕಿತ್ತು. ಮೊದಲನೆಯದು ಆಯಿತು, ಎರಡನೆಯದು ಕಾಗದದಲ್ಲೇ ಉಳಿಯಿತು. ಫಲ ಏನೆಂದರೆ, ಶ್ರೀಮಂತ ನಗರದ ನೀರು ಮೀನುಗಾರರ ಊರುಗಳಿಗೆ ಹೋಗಿ ಅಲ್ಲೇ ಕೂರುತ್ತದೆ. 2009ರಲ್ಲಿ ಸರೋವರದ ದಂಡೆಯ ಊರುಗಳಲ್ಲಿ ನೀರು ಇಳಿಯಲು ತಿಂಗಳುಗಳೇ ಹಿಡಿದವು. ತೋಡಿದ ಕಾಲುವೆಯ ಎರಡೂ ದಡದಲ್ಲಿ ಗುಡಿಸಲುಗಳು ಎದ್ದವು. ಎದ್ದಾಗ ಮತಕ್ಕಾಗಿ ಸುಮ್ಮನಿದ್ದವರೇ ಆಮೇಲೆ ನೆರೆಗೆ ಗುಡಿಸಲುಗಳೇ ಕಾರಣ ಎಂದರು. ಒಂಡೊಯ್ ನಂತರ ಮನಿಲಾಕ್ಕೊಂದು ಮಹಾಯೋಜನೆ ಸಿದ್ಧವಾಗಿ 2012ರಲ್ಲಿ ಒಪ್ಪಿಗೆ ಪಡೆಯಿತು, ಅಂದಾಜು 35 ಸಾವಿರ ಕೋಟಿ ಪೆಸೊ. ಅಷ್ಟು ಹಣ ಎಲ್ಲಿಂದ ತರುವುದು ಎಂದು ತಲೆಯ ಮೇಲೆ ಕೈ ಹೊತ್ತುಕೊಂಡರು.

ಹಣ ಇತ್ತು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ಅವರೇ ಲೆಕ್ಕ ಬಿಚ್ಚಿಟ್ಟರು: 2022ರ ಮಧ್ಯದಿಂದ ಮೂರು ವರ್ಷದಲ್ಲಿ ದೇಶದಾದ್ಯಂತ 9,855 ಪ್ರವಾಹ ತಡೆ ಕಾಮಗಾರಿ, ಒಟ್ಟು 54,500 ಕೋಟಿ ಪೆಸೊ. ಅದರ ಐದನೇ ಒಂದು ಭಾಗ ಕೇವಲ 15 ಗುತ್ತಿಗೆದಾರರ ಪಾಲಾಗಿತ್ತು. ಎಲ್ಲಕ್ಕಿಂತ ಹೆಚ್ಚು ಕಾಮಗಾರಿ ಸಿಕ್ಕ ಪ್ರಾಂತ್ಯ ಬುಲಕಾನ್, ಮದುಮಕ್ಕಳು ನೀರಲ್ಲಿ ನಡೆದ ಅದೇ ಬುಲಕಾನ್. ಅಲ್ಲಿಯ ಬಲಿವಾಗ್‌ನಲ್ಲಿ ಐದೂವರೆ ಕೋಟಿ ಪೆಸೊ ಮೀರಿದ ಒಂದು ನದೀ ತಡೆಗೋಡೆ ಪೂರ್ಣಗೊಂಡಿದೆ, ಬಿಲ್ ಪಾವತಿಯಾಗಿದೆ ಎಂದು ದಾಖಲೆಯಲ್ಲಿತ್ತು. ಅಧ್ಯಕ್ಷರು ಹೋಗಿ ನೋಡಿದರೆ ಗೋಡೆಯೇ ಇಲ್ಲ.

ಇಲ್ಲಿ ಅಧ್ಯಕ್ಷರಿಗೆ ಶಹಬ್ಬಾಸ್ ಎನ್ನಲು ಆತುರಪಡಬೇಡಿ. ಇದೇ ಅಧ್ಯಕ್ಷರು 2024ರ ಜುಲೈ 22ರ ವಾರ್ಷಿಕ ಭಾಷಣದಲ್ಲಿ 5,500ಕ್ಕೂ ಹೆಚ್ಚು ಪ್ರವಾಹ ತಡೆ ಕಾಮಗಾರಿ ಮುಗಿಸಿದ್ದೇವೆ ಎಂದು ಎದೆ ತಟ್ಟಿಕೊಂಡಿದ್ದರು, ಸಂಸದರು ಚಪ್ಪಾಳೆ ತಟ್ಟಿದ್ದರು. ಎರಡೇ ದಿನಕ್ಕೆ ಕರೀನಾ ಬಂದು ಮನಿಲಾ ಮುಳುಗಿತು. ಅಂದಿನ ಪಟ್ಟಿಯನ್ನು ಅಂದೇ ಯಾಕೆ ಪರೀಕ್ಷಿಸಲಿಲ್ಲ? ಒಂದು ವರ್ಷ ಬಿಟ್ಟು ಅದೇ ವೇದಿಕೆಯಿಂದ ಕಳ್ಳರಿಗೆ ನಾಚಿಕೆಯಾಗಬೇಕು ಎಂದು ಗದರಿದರು. ಆಮೇಲೆ 2026ಕ್ಕೆ ಹೊಸ ಪ್ರವಾಹ ಕಾಮಗಾರಿಗೆ ಹಣವನ್ನೇ ಇಡುವುದಿಲ್ಲ ಎಂದು ಪ್ರಕಟಿಸಿದರು. ಕದ್ದವರಿಗೆ ಶಿಕ್ಷೆಯಾಗುವ ಮೊದಲು ಮುಳುಗಿದವರಿಗೆ ಆಯಿತು.

ಹವಾಮಾನ ಬದಲಾವಣೆ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಸುಳ್ಳಲ್ಲ, ಇಂಗಾಲ ಸುಟ್ಟು ಕಡಲನ್ನು ಕಾಯಿಸಿದವರು ಬೇರೆ ದೇಶದವರು, ಅವರ ಪಾಪವನ್ನು ಈ ದ್ವೀಪಗಳು ಹೊರುತ್ತಿವೆ. ಆದರೆ ಆ ಮಾತನ್ನು ಅಡಗಿ ಕೂರುವ ಮೂಲೆಯಾಗಿ ಮಾಡಿಕೊಂಡವರನ್ನು ಬಿಡಬಾರದು. ಮನಿಲಾ ಕೊಲ್ಲಿಯ ಉತ್ತರದ ಬುಲಕಾನ್, ಪಂಪಂಗಾ ಕರಾವಳಿಯಲ್ಲಿ ಕಡಲು ವರ್ಷಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ ಏರುತ್ತಿದ್ದರೆ, ನೆಲ ಸೆಂಟಿಮೀಟರುಗಳ ಲೆಕ್ಕದಲ್ಲಿ ಕುಸಿಯುತ್ತಿದೆ. ಕಾರಣ, ಕೊಳವೆಬಾವಿಗಳಿಂದ ಎಗ್ಗಿಲ್ಲದೆ ಅಂತರ್ಜಲ ಎತ್ತುವುದು. ಭೂವಿಜ್ಞಾನಿಗಳಾದ ಕೆಲ್ವಿನ್ ರೊಡೊಲ್ಫೊ ಮತ್ತು ಫರ್ನಾಂಡೊ ಸಿರಿಂಗಾನ್ ಇದನ್ನು 2006ರಲ್ಲೇ ಪ್ರಕಟಿಸಿದ್ದರು: ಕಡಲೇರಿಕೆ ಎಲ್ಲರ ಕಣ್ಣಿಗೆ ಬೀಳುತ್ತಿದೆ, ನಾವೇ ಮಾಡಿದ ಕುಸಿತವನ್ನು ಯಾರೂ ಕಾಣುತ್ತಿಲ್ಲ ಎಂದು. ಪಂಪು ನಿಲ್ಲಿಸುವುದು ಕಷ್ಟ, ಏಕೆಂದರೆ ಪಂಪಿಗೆ ಮಾಲೀಕನಿದ್ದಾನೆ. ಕಡಲನ್ನು ಬೈಯುವುದು ಸುಲಭ. ರಸ್ತೆ ಮುಳುಗಿದರೆ ರಸ್ತೆ ಎತ್ತರಿಸುತ್ತಾರೆ, ರಸ್ತೆ ಎತ್ತರವಾದಾಗ ಮನೆಗಳು ಗುಂಡಿಯಲ್ಲಿ ಉಳಿಯುತ್ತವೆ, ಶಕ್ತಿಯಿದ್ದವರು ಮನೆಯ ನೆಲವನ್ನೂ ಎತ್ತರಿಸಿ ಸೂರಿಗೆ ತಲೆ ತಾಗಿಸಿಕೊಂಡು ಬದುಕುತ್ತಾರೆ. ಇದಕ್ಕೂ ಛಲ ಎಂದೇ ಹೆಸರು.

ಆಳುವವರನ್ನಷ್ಟೇ ಬೈದು ಮುಗಿಸಿದರೆ ಓದುವವರಿಗೆ ಹಿತವಾಗುತ್ತದೆ. ಆ ಹಿತ ಬೇಡ. 1991ರ ನವೆಂಬರ್‌ನಲ್ಲಿ ಲೇಟೆ ದ್ವೀಪದ ಒರ್ಮೊಕ್ ಪಟ್ಟಣದಲ್ಲಿ ಹಗಲು ಹೊತ್ತಿನಲ್ಲೇ ನೆರೆ ನುಗ್ಗಿ ಸುಮಾರು ಐದು ಸಾವಿರ ಜನ ಸತ್ತರು. ನದಿಯ ತಿರುವಿನಲ್ಲಿದ್ದ ಇಸ್ಲಾ ವೆರ್ಡೆ ಎಂಬ ಬಡಾವಣೆ ಕೊಚ್ಚಿಹೋಯಿತು. ಇದನ್ನು ಕಂಡ ದೇಶದಲ್ಲಿ, ಇಪ್ಪತ್ತು ವರ್ಷ ಕಳೆದು, 2011ರ ಡಿಸೆಂಬರ್‌ನಲ್ಲಿ, ಕಗಾಯನ್ ಡಿ ಓರೊ ನಗರದ ಇಸ್ಲಾ ಡಿ ಓರೊ ಎಂಬ ಬಡಾವಣೆ ಮಧ್ಯರಾತ್ರಿ ಕೊಚ್ಚಿಹೋಯಿತು. ಅದು ನದಿಯ ಮರಳುದಿಬ್ಬದ ಮೇಲೇ ಇತ್ತು. ಸೆಂಡೊಂಗ್ ಚಂಡಮಾರುತಕ್ಕೆ ಆ ನಗರದಲ್ಲೂ ಪಕ್ಕದ ಇಲಿಗಾನ್‌ನಲ್ಲೂ ಸಾವಿರಕ್ಕೂ ಮಿಕ್ಕಿ ಜನ ಬಲಿಯಾದರು. ಮಿಂಡನಾವೊ ದ್ವೀಪಕ್ಕೆ ಚಂಡಮಾರುತ ಬರುವುದಿಲ್ಲ ಎಂಬುದು ಅಲ್ಲಿಯ ಜನರ ನಂಬಿಕೆಯಾಗಿತ್ತು, ನಂಬಿ ಮಲಗಿದ್ದರು. ಮರುವರ್ಷ ಡಿಸೆಂಬರ್‌ನಲ್ಲೇ ಪಾಬ್ಲೊ ಬಂದು ಅದೇ ದ್ವೀಪದಲ್ಲಿ ಮತ್ತೆ ಸಾವಿರ ಜನರನ್ನು ಕೊಂದಿತು. 2025ರ ನವೆಂಬರ್ 4ರಂದು ನೆರೆಯಲ್ಲಿ ಮುಳುಗುವ ಸರದಿ ಸೆಬು ದ್ವೀಪದ್ದು. ನಮ್ಮ ಕಡೆಗೆ ಬರುವುದಿಲ್ಲ, ಬಂದರೂ ಇಷ್ಟು ಮೇಲಕ್ಕೆ ಬರುವುದಿಲ್ಲ, ಬಂದಾಗ ನೋಡೋಣ: ಈ ಮೂರು ಮಾತು ಆಡದ ಮನೆ ಅಲ್ಲಿ ಎಷ್ಟಿವೆಯೋ, ಇಲ್ಲಿ ಎಷ್ಟಿವೆಯೋ.

ಸೆಂಡೊಂಗ್ ನಂತರ ಎಚ್ಚೆತ್ತು 2012ರಲ್ಲಿ ನೋವಾ ಎಂಬ ಯೋಜನೆ ತಂದರು. ಯಾವ ಬೀದಿಗೆ ನೀರು ಬರುತ್ತದೆ, ಯಾವ ಗುಡ್ಡ ಜಾರುತ್ತದೆ ಎಂಬ ನಕ್ಷೆಗಳನ್ನು ವಿಜ್ಞಾನಿಗಳು ಊರೂರಿಗೆ ತಯಾರಿಸಿದರು. ಐದೇ ವರ್ಷಕ್ಕೆ, 2017ರಲ್ಲಿ, ಸರಕಾರ ಹಣ ನಿಲ್ಲಿಸಿತು. ಫಿಲಿಪೀನ್ಸ್ ವಿಶ್ವವಿದ್ಯಾಲಯ ಕೈಗೆತ್ತಿಕೊಳ್ಳದಿದ್ದರೆ ಆ ನಕ್ಷೆಗಳು ಕಪಾಟು ಸೇರುತ್ತಿದ್ದವು.

ಇದೆಲ್ಲ ಆಗದ ಕೆಲಸ ಎಂದು ಕೈ ಚೆಲ್ಲುವವರಿಗೆ ಎರಡು ಊರು ತೋರಿಸುತ್ತೇನೆ. ಒಂದು ಅದೇ ಒರ್ಮೊಕ್. ಅಷ್ಟು ಹೆಣ ಬಿದ್ದ ಮೇಲೆ ಜಪಾನಿನ ನೆರವಿನಿಂದ ನದಿ ಅಗಲ ಮಾಡಿದರು, ಮರದ ದಿಮ್ಮಿ ಮತ್ತು ಬಂಡೆಗಳನ್ನು ಮೇಲೆಯೇ ತಡೆಯುವ ಸೀಳು ಅಣೆಕಟ್ಟು ಕಟ್ಟಿದರು. 2003ರಲ್ಲಿ ದೊಡ್ಡ ಮಳೆ ಬಂದಾಗ ನೀರು ನದಿಯಲ್ಲೇ ಹರಿದು ಕಡಲು ಸೇರಿತು. ಇನ್ನೊಂದು, ಸೆಬು ಪ್ರಾಂತ್ಯದ ಕಮೊಟೆಸ್ ದ್ವೀಪಗಳ ಬಳಿಯ ಟುಲಾಂಗ್ ಡಿಯೊಟ್. 2013ರ ನವೆಂಬರ್ 8ರಂದು ಯೊಲಾಂಡಾ ಚಂಡಮಾರುತ ಬಂದು ದೇಶದಲ್ಲಿ 6,300 ಜನರನ್ನು ಕೊಂದಾಗ ಈ ಪುಟ್ಟ ನಡುಗಡ್ಡೆಯ ಮನೆಗಳೆಲ್ಲ ನೆಲಸಮವಾದವು. ಸತ್ತವರು ಒಬ್ಬರೂ ಇಲ್ಲ. ಅಲ್ಲಿಯ ಸುಮಾರು ಸಾವಿರ ಜನರನ್ನು ಗಾಳಿ ಬರುವ ಮೊದಲೇ ದೋಣಿಯಲ್ಲಿ ಸಾಗಿಸಿದ್ದರು. ಆ ನಡುಗಡ್ಡೆ ಸೇರಿದ ಸ್ಯಾನ್ ಫ್ರಾನ್ಸಿಸ್ಕೊ ಪುರಸಭೆ ಕೇರಿಕೇರಿಗೆ ಸಮಿತಿ ಕಟ್ಟಿ, ಯಾರ ಮನೆಯಲ್ಲಿ ಮುದುಕರಿದ್ದಾರೆ, ಯಾರಿಗೆ ನಡೆಯಲಾಗದು ಎಂಬ ಲೆಕ್ಕ ಮೊದಲೇ ಇಟ್ಟಿತ್ತು. 2011ರಲ್ಲಿ ವಿಶ್ವಸಂಸ್ಥೆಯ ಸಸಕಾವಾ ಪ್ರಶಸ್ತಿಯೂ ಅದಕ್ಕೆ ಬಂದಿತ್ತು. ಅವರು ಬಡವರಾಗಿದ್ದುಕೊಂಡೇ ಇದನ್ನು ಮಾಡಿದರು. ಬಡತನದ ನೆಪ ಹೇಳುವವರು ಗಮನಿಸಬೇಕು.

ವೈದ್ಯಕೀಯ ಓದಲು ಮಕ್ಕಳನ್ನು ಮನಿಲಾಕ್ಕೆ, ದವಾವೊಕ್ಕೆ ಕಳಿಸಿದ ಮನೆಗಳು ಕರ್ನಾಟಕದಲ್ಲೂ ಇವೆ. ಅವರಿಗೆ ಹೇಳುವುದಿಷ್ಟೆ: ಕಾಲೇಜಿನ ಶುಲ್ಕ ವಿಚಾರಿಸಿದಂತೆ ಹಾಸ್ಟೆಲ್ ಯಾವ ನದಿಯ ಪಕ್ಕದಲ್ಲಿದೆ, ಏಪ್ರಿಲ್‌ನಲ್ಲಿ ಕೋಣೆ ಎಷ್ಟು ಕಾಯುತ್ತದೆ ಎಂದೂ ವಿಚಾರಿಸಿ. ನೋವಾದ ನಕ್ಷೆ ಯಾರು ಬೇಕಾದರೂ ನೋಡಬಹುದು.

ಫಿಲಿಪೀನ್ಸ್‌ನ ಮುಂಗಡಪತ್ರ ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸಿನಲ್ಲಿ ಅಂಗೀಕಾರವಾಗುತ್ತದೆ. ಆಗ ಮನಿಲಾದಲ್ಲಿ ತಂಪು ಗಾಳಿ, ಕ್ರಿಸ್‌ಮಸ್ ಸಡಗರ. ನೆರೆಯ ಕೆಸರು ಒಣಗಿರುತ್ತದೆ, ಸೆಕೆ ಇನ್ನೂ ಬಂದಿರುವುದಿಲ್ಲ. 2025ರ ಸೆಪ್ಟೆಂಬರ್ 21ರಂದು ಲುನೆಟಾ ಮೈದಾನದಲ್ಲೂ ಎಡ್ಸಾ ರಸ್ತೆಯಲ್ಲೂ ಸೇರಿ ಕಳ್ಳರನ್ನು ಹಿಡಿಯಿರಿ ಎಂದು ಕೂಗಿದ ಸಾವಿರಾರು ಜನ ಮತ್ತೆ ಬೀದಿಗಿಳಿಯಬೇಕಾದ್ದು ಆ ತಿಂಗಳಲ್ಲೇ. ಪರಾನ್ಯಾಕೆ ಕಾಲುವೆಗೆ ಎಷ್ಟು ಇಟ್ಟಿರಿ, ಶಾಲೆಯ ಮಾಡಿಗೆ ಎಷ್ಟು ಇಟ್ಟಿರಿ, ಬುಲಕಾನ್‌ನ ಪಂಪುಗಳನ್ನು ಎಂದು ನಿಲ್ಲಿಸುತ್ತೀರಿ ಎಂದು ಆಗ ಕೇಳದವರಿಗೆ ಏಪ್ರಿಲ್‌ನಲ್ಲಿ ರಜೆ ಸಿಗುತ್ತದೆ, ಜುಲೈನಲ್ಲಿ ಅಕ್ಕಿ ಚೀಲ ಸಿಗುತ್ತದೆ.